ಬರೀತದಾ?

ಪೆನ್ಷನ್ ಮೊಹಲ್ಲಾದ ಮನೆಮನೆಯ ಮೀಟರಿನೆದುರು ನಿಂತು
ಅಂಕಿ ಓದುವವನು ನಾನು.
ಬಿಲ್ಲು ಬರೆಯುವುದು ಸೊಂಟದ ಯಂತ್ರ.
ಕಿರ್ರೆಂದು ಬಂದ ಚೀಟಿ ಹರಿದು ಕೊಟ್ಟರೆ ಮುಗಿಯಿತು,
ಅಕ್ಷರದ ಹಂಗಿಲ್ಲ.

ಆದರೂ ಎಡಜೇಬಿನಲ್ಲೊಂದು ಇಂಕ್ ಪೆನ್ನು.
ಬಿಸಿಲಿಗೆ ಅದು ಕಕ್ಕಿಕೊಂಡ ದಿನ
ಖಾಕಿಯ ಮೇಲೆ ನೀಲಿ ನಕಾಶೆ.
ಸರ್ವಮಂಗಳಾ ಮೊಸರು ಹಚ್ಚಿ ತಿಕ್ಕುತ್ತ
"ಬರೆಯೋದೇನೂ ಇಲ್ಲ, ಸೋರೋಕ್ಕೊಂದು ಪೆನ್ನು" ಅನ್ನುತ್ತಾಳೆ.

ಸುಳ್ಳಲ್ಲ.
ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಪೆನ್ನಿವೆ.
ಬರೆಯಲಿಕ್ಕೆ
ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಮಗಳ ರಜಾಚೀಟಿ.
ರಜಾಚೀಟಿಯನ್ನಂತೂ ಮೂರು ಸಲ ಬರೆದೆ,
ಹೊಟ್ಟೆನೋವಿಗೆ ಹಸಿರು ಶಾಯಿ ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ
ಸ್ಟೀಲ್ ಲೋಟದ ಉಗುರುಬೆಚ್ಚಗಿನ ನೀರಿಗೆ ನಿಬ್ಬು ಬಿಟ್ಟರೆ
ಒಂದೆಳೆ ನೀಲಿ ನಿಧಾನ ಇಳಿಯುತ್ತದೆ,
ಊದುಬತ್ತಿಯ ಹೊಗೆಯನ್ನು ಯಾರೋ ತಲೆಕೆಳಗು ಹಿಡಿದ ಹಾಗೆ.
ಅದನ್ನೇ ನೋಡುತ್ತ ಕಾಫಿ ಆರಿಹೋಗಿದೆ ಎಷ್ಟೋ ಸಲ.
ಯಾರಾದರೂ ಕೇಳಿದರೆ
"ತೊಳೀತಿದೀನಿ" ಅನ್ನುತ್ತೇನೆ.

ಬೀರುವಿನಲ್ಲಿ ಒಂದು ನೋಟ್‌ಬುಕ್ಕಿದೆ.
ಹೊಲಿದ ಬೆನ್ನು, ಕೆನೆಬಣ್ಣದ ಹಾಳೆ,
ಎಂಥ ಶಾಯಿಯೂ ಹಿಂದಕ್ಕೆ ಹಾಯದು.
ನಾಲ್ಕು ವರ್ಷದಿಂದ ಮೊದಲ ಪುಟ ಖಾಲಿ.
ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂರಲು ನಾಚುವವನಂತೆ
ಬಾಗಿಲವರೆಗೆ ಹೋಗಿ ವಾಪಸು ಬರುತ್ತೇನೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಧರಣೇಂದ್ರಯ್ಯನವರ ಅಂಗಡಿ.
ಲಾಂಗ್ ಬುಕ್ಕು, ಅರಗು, ಟ್ಯಾಗಿನ ಕಟ್ಟು,
ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ಪೆನ್ನು.
ನಿಬ್ಬು ಅದ್ದಿ ಕೈಗೆ ಕೊಟ್ಟು "ಬರೆದು ನೋಡಿ" ಅನ್ನುತ್ತಾರೆ.
ಗಲ್ಲಾದ ಪಕ್ಕ ದಾರ ಕಟ್ಟಿದ ರಫ್ ಪ್ಯಾಡು.
ಎಲ್ಲರದೂ ಮೊದಲೊಂದು ಸುರುಳಿ, ಆಮೇಲೆ ಹೆಸರು.
ನಾನೂ ಬರೆಯುತ್ತೇನೆ: ಪಾಲಾಕ್ಷ.
ಕ್ಷ ಎಳೆಯುವಾಗ ನಿಬ್ಬಿನ ಗುಣ ತಿಳಿಯುತ್ತದೆ.
ಕೆಟ್ಟದ್ದು ತಿರುವಿನಲ್ಲಿ ಕೆರೆಯುತ್ತದೆ,
ಒಳ್ಳೆಯದು ಶಿರಾಡಿ ಘಾಟಿ ಇಳಿಯುವ ಹಳೇ ಡ್ರೈವರ್,
ಹಾರ್ನು ಸಹ ಹಾಕುವುದಿಲ್ಲ.

ಹೋದ ತಿಂಗಳು ಪ್ಯಾಡು ತುಂಬಿ ರದ್ದಿಗೆ ಹೊರಟಿತ್ತು.
"ನನಗೆ ಕೊಡಿ" ಅಂದೆ.
"ಇದನ್ನೇನ್ ಮಾಡ್ತೀರಿ?"
ಉತ್ತರವಿರಲಿಲ್ಲ. ಆ ದಿನ ಪೆನ್ನು ಕೊಳ್ಳಲಿಲ್ಲ.

ರಾತ್ರಿ ಕೂತು ಓದಿದೆ.
ನಸ್ರೀನ್ ತಾಜ್, ಆರು ಸಲ, ಆರೂ ಬೇರೆ ಬೇರೆ.
ಯೋಗಾನರಸಿಂಹ ಬಿ.ಕಾಂ., ಬಿ.ಕಾಂ. ಕೆಳಗೆ ಎರಡು ಗೆರೆ.
ದ್ಯಾವಮ್ಮ, ಸಹಿ ಮಾಡುವಷ್ಟೇ ಬಲ್ಲ ಕೈ,
ವತ್ತು ಕೂರಿಸಲು ಪಟ್ಟ ಪಾಡು ಕಾಗದ ಹರಿದಿದೆ.
ಉಮಾ ಎಂದು ಬರೆದು ಹೊಡೆದುಹಾಕಿ
ಅಂಚಿನಲ್ಲಿ ಮತ್ತೆ, ಚಿಕ್ಕದಾಗಿ, ಉಮಾ.
ಆರ್.ಆರ್. ನಂಬರಿನಿಂದಷ್ಟೇ ನನಗೆ ಗೊತ್ತಿದ್ದ ಮನೆಗಳಿವು.
ನನ್ನ ಯಂತ್ರ ಎಲ್ಲರನ್ನೂ ಒಂದೇ ಎತ್ತರಕ್ಕೆ ಅಚ್ಚು ಹಾಕುತ್ತದೆ.
ಇಲ್ಲಿ ಒಬ್ಬರು ವಾಲಿದ್ದಾರೆ,
ಒಬ್ಬರು ಪಕ್ಕದವರ ಮೇಲೆ ಹತ್ತಿದ್ದಾರೆ.

ಒಂದು ಪುಟದಲ್ಲಿ ಯಾರೋ: "ಬರೀತದಾ?"
ಕೆಳಗೆ ಬೇರೆ ಶಾಯಿ, ಬೇರೆ ಕೈ: "ಬರೀತದೆ."

ನಮ್ಮ ಕಡೆ ಕೇಳುವುದೇ ಹಾಗೆ.
ಪೆನ್ನು ಬರೀತದಾ ಅನ್ನುತ್ತೇವೆ,
ನೀನು ಬರೀತೀಯಾ ಅಂತ ಯಾರೂ ಕೇಳುವುದಿಲ್ಲ.
ಆ ದಾಕ್ಷಿಣ್ಯದ ನೆರಳಲ್ಲೇ
ಹನ್ನೊಂದು ಪೆನ್ನಾದವು.

ಕೊನೆಯ ಹಾಳೆಯ ಮೂಲೆಯಲ್ಲಿ ಬೆರಳಗಲ ಜಾಗವಿತ್ತು.
ಸರ್ವಮಂಗಳ ಎಂದು ಬರೆದೆ.
ಅವಳು ಬಗ್ಗಿ ನೋಡಿ "ನನ್ನ ಹೆಸರಿಗೆ ದೀರ್ಘ ಬೇಕು" ಅಂದಳು,
ಪೆನ್ನು ಕಸಿದುಕೊಂಡಳು.
ಒತ್ತಿದಳು. ಬರೇ ಗೀರು.
"ಬರೀತಿಲ್ಲ ನಿಮ್ದು."

ನಿಬ್ಬು ಅಂಗಾತ ಹಿಡಿದಿದ್ದಳು.
ಅವಳ ಬೆರಳ ನಡುವೆಯೇ
ಪೆನ್ನನ್ನು ಅರ್ಧ ಸುತ್ತು ತಿರುಗಿಸಿದೆ.